ಬೀರುವಿನ ಪರಿಮಳ
(ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಊರಿನಿಂದ ಮರಳುವಾಗ ನಮ್ಮ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳ ನಡುವೆ ನಾಲ್ಕಾರು ಮೈಸೂರು ಸ್ಯಾಂಡಲ್ ಸಾಬೂನುಗಳಿಲ್ಲದಿದ್ದರೆ ಪ್ರಯಾಣವೇ ಅಪೂರ್ಣವೆನಿಸುತ್ತದೆ. ಸ್ನಾನಕ್ಕೆ ಬಳಸುವುದಕ್ಕಿಂತ ಬೀರುವಿನಲ್ಲಿರಿಸಿ, ಬಾಗಿಲು ತೆರೆದಾಗಲೆಲ್ಲ ಮೂಸುವುದೇ ಹೆಚ್ಚು. ಭಾರತೀಯ ಸುಗಂಧದ ವಿಚಾರವನ್ನು ಆ ಬೀರುವಿನಿಂದಲೇ ಆರಂಭಿಸೋಣ.

ಮೊದಲ ಮಹಾಯುದ್ಧದಿಂದಾಗಿ ಯೂರೋಪಿಗೆ ಗಂಧದ ಮರದ ರಫ್ತು ಕುಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ಕಾರ್ಖಾನೆ ಸ್ಥಾಪಿಸಿತು. ರಸಾಯನತಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆ ಕಲಿತು ಬಂದರು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ! ಪರಂಪರೆಗೆ ಹೊಸ ರೂಪ ಕೊಡುವುದು ಇಂದಿನವರ ಶೋಧವೇನಲ್ಲ. ಅದಕ್ಕೂ ಬಹು ಹಿಂದೆ ಚಾವುಂಡರಾಯನ 'ಲೋಕೋಪಕಾರ'ವೂ ಕಲ್ಯಾಣದ ಸೋಮೇಶ್ವರನ 'ಮಾನಸೋಲ್ಲಾಸ'ವೂ ಸುಗಂಧ ಕೂಡಿಸುವ ಬಗೆಯನ್ನು ವಿವರಿಸಿದ್ದವು.

ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರಿನ ಭಟ್ಟಿ ಇಂದಿಗೂ ಉರಿಯುತ್ತಿದೆ. 'ದೇಗ್' ಎಂಬ ತಾಮ್ರದ ಹಂಡೆಯಲ್ಲಿ ಹೂವು, ನೀರು ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಾರೆ. ಬಿದಿರಿನ ಕೊಳವೆಯ ಮೂಲಕ ಆವಿಯು 'ಭಪ್ಕಾ' ಎಂಬ ಪಾತ್ರೆಗಿಳಿಯುತ್ತದೆ. ಆ ಪಾತ್ರೆ ತಣ್ಣೀರಿನಲ್ಲಿ ಮುಳುಗಿರುತ್ತದೆ, ಅದರೊಳಗೆ ಕಾದು ಕುಳಿತಿರುವುದು ಗಂಧದೆಣ್ಣೆ. ಹೂವಿನ ಚಂಚಲ ಪರಿಮಳವನ್ನು ಹಿಡಿದಿಡುವುದೇ ಅದರ ಕೆಲಸ. ಉರಿಯನ್ನು ಅಳೆಯುವುದು ಕುಶಲಿಯ ಕೈ, ಕಿವಿ. ಇದೇ ರೀತಿಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಭಟ್ಟಿಯಿಳಿಸಿ 'ಮಿಟ್ಟಿ ಅತ್ತರು' ತೆಗೆಯುತ್ತಾರೆ. ಕಾದ ನೆಲದ ಮೇಲೆ ಬಿದ್ದ ಮೊದಲ ಮಳೆಯ ವಾಸನೆಯದು. ಪರದೇಶದಲ್ಲಿ ಅದನ್ನು ಮೂಸುವವರು ಕರವಸ್ತ್ರವನ್ನು ಹತ್ತಿರವಿಟ್ಟುಕೊಳ್ಳುವುದು ಲೇಸು.

ಕಷ್ಟವಿರುವುದು ಆ ಗಂಧದೆಣ್ಣೆಯಲ್ಲಿ. ಅದು ದುಬಾರಿಯಾದಂತೆ ಅನೇಕ ಭಟ್ಟಿಗಳಲ್ಲಿ ದ್ರವ ಪ್ಯಾರಾಫಿನ್ ಅದರ ಸ್ಥಾನಕ್ಕೆ ಬಂದಿತು. ಕರ್ನಾಟಕದಲ್ಲಿ ದೀರ್ಘಕಾಲ ಶ್ರೀಗಂಧ ಸರ್ಕಾರದ ಸೊತ್ತಾಗಿತ್ತು. ತನ್ನ ಹೊಲದ ಮರವೇ ತನ್ನದಲ್ಲವೆಂದ ಮೇಲೆ ರೈತನು ಅದನ್ನೇಕೆ ಸಾಕಿಯಾನು? 2001ರ ತಿದ್ದುಪಡಿ ಬೆಳೆದವನಿಗೆ ಒಡೆತನ ನೀಡಿತು. ಆದರೆ ಚೇಗು ಬಲಿಯಲು ದಶಕಗಳು ಬೇಕು. ಈ ನಡುವೆ ಆಸ್ಟ್ರೇಲಿಯದವರು ಇದೇ ಜಾತಿಯ ಮರದ ತೋಪುಗಳನ್ನೆಬ್ಬಿಸಿ ಎಣ್ಣೆ ಮಾರುತ್ತಿದ್ದಾರೆ. ನಮಗೆ ಸಂಕಟವಾದರೂ ತಪ್ಪು ಅವರದಲ್ಲ.

1989ರಲ್ಲಿ ಪ್ಯಾರಿಸ್ಸಿನ ಗೆರ್ಲೇನ್ ಸಂಸ್ಥೆ ಮೈಸೂರಿನ ಗಂಧವನ್ನೂ ಮಲ್ಲಿಗೆಯನ್ನೂ ಬೆರೆಸಿ 'ಸಂಸಾರ' ಎಂಬ ಹೆಸರಿನಲ್ಲಿ ಕೆಂಪು ಸೀಸೆಯೊಂದನ್ನು ಹೊರತಂದಿತು. (ನಮ್ಮ ಸಂಸಾರಕ್ಕೆ ಒಗ್ಗರಣೆಯ ವಾಸನೆಯೇ ಹೆಚ್ಚೆಂಬುದು ಅವರಿಗೆ ತಿಳಿದಿರಲಿಲ್ಲವೇನೋ!) ಈಗ ಭಾರತದವರೇ ಆ ಕೆಲಸಕ್ಕೆ ಕೈಹಾಕಿದ್ದಾರೆ. ಬಾಂಬೆ ಪರ್ಫ್ಯೂಮರಿಯ 'ಮದುರೈ ಟಾಕೀಸ್' ಎಂಬ ಸುಗಂಧದಲ್ಲಿ ದಕ್ಷಿಣದ ಮಲ್ಲಿಗೆಯಿದೆ. ಸೀಸೆಯಾದರೋ ತೀರ ಸರಳ. ಇದು ನಮಗೆ ಮೆಚ್ಚುಗೆ. ಅಗ್ಗದ ಕೃತಕ ಗಂಧ ತುಂಬಿ, ಮೇಲೆ ನವಿಲು, ಕಮಲ ಬಿಡಿಸಿದ ಮಾತ್ರಕ್ಕೆ ಪರಂಪರೆಯಾಗದು.

ಮುಂದಿನ ಸಲ ಅತ್ತರು ಕೊಳ್ಳುವಾಗ, ತಳದಲ್ಲಿರುವುದು ಗಂಧದೆಣ್ಣೆಯೋ ಪ್ಯಾರಾಫಿನ್ನೋ ಎಂದು ಅಂಗಡಿಯವನನ್ನು ಕೇಳೋಣ. ಮುಂಗೈಗೆ ಹಚ್ಚಿಕೊಂಡು, ಎಲ್ಲಾದರೂ ಕಾಫಿ ಕುಡಿದು, ಮತ್ತೆ ಮೂಸೋಣ. ಮಲ್ಲಿಗೆ ಮಸುಕಾದ ಮೇಲೂ ಗಂಧ ನಿಂತಿದ್ದರೆ ಕೊಳ್ಳೋಣ.