ಮುಚ್ಚುವ ವಿದ್ಯೆ

ನೆಲವನ್ನು ಅಗೆಯುವುದು ಒಂದು ವಿದ್ಯೆ. ಅಗೆದುದನ್ನು ಮುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ದೊರೆತ ಮನ್ನಣೆ ಎರಡನೆಯದಕ್ಕೆ ದೊರೆತಿಲ್ಲ.

ಕೋಲಾರದ ಚಿನ್ನದ ಗಣಿಗಳನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಅಲ್ಲಿ ಸುಮಾರು 800 ಟನ್ ಚಿನ್ನ ದೊರೆಯಿತು. ಚಿನ್ನ ಹೊರಟುಹೋಯಿತು, ಅರೆದ ಕಲ್ಲಿನ ಹುಡಿ 3 ಕೋಟಿ ಟನ್ನಿಗೂ ಮಿಕ್ಕಿ ಅಲ್ಲಿಯೇ ಉಳಿಯಿತು. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿಯೆದ್ದರೆ ಆ ಹುಡಿ ಮನೆಗಳನ್ನು ಹೊಗುತ್ತದೆ.

ಗಣಿಯ ಹುಡಿಯಲ್ಲಿ ಧೂಳಿಗಿಂತ ಗುಪ್ತವಾದ ಕೇಡೂ ಇರಬಹುದು. ಪೈರೈಟಿನಂಥ ಗಂಧಕದ ಖನಿಜ ಹೆಚ್ಚಾಗಿದ್ದು, ಅದನ್ನು ತಣಿಸುವ ಸುಣ್ಣದಂಶ ಕಡಿಮೆಯಾಗಿದ್ದರೆ, ಗಾಳಿ ನೀರುಗಳು ಸೋಕಿ ಗಂಧಕಾಮ್ಲ ಹುಟ್ಟುತ್ತದೆ. ಅದು ಲೋಹಗಳನ್ನು ಕರಗಿಸಿ ಹಳ್ಳಕ್ಕಿಳಿಸುತ್ತದೆ. ಒಮ್ಮೆ ತೊಡಗಿತೆಂದರೆ ತಲೆಮಾರುಗಳವರೆಗೆ ನಿಲ್ಲದು.

ಇದಕ್ಕೆ ಉಪಾಯವೆಂದರೆ ಪದರಪದರದ ಹೊದಿಕೆ. ನಾನು ಅರಭಾವಿ ಸೀಮೆಯವನು. ನಮ್ಮಲ್ಲಿ ಚಿನ್ನದ ಗಣಿಯಿಲ್ಲ. ಆದರೆ ಈ ತತ್ತ್ವ ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಮೇಲ್ಮುದ್ದೆಯ ಮನೆಗೆ ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು ಹಾಸಿ ಮಳೆಯನ್ನು ತಡೆದರು. ಹಗೇವಿನಲ್ಲಿ ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿ ಗಾಳಿಯನ್ನು ತಡೆದರು.

ಕೆನಡಾದ ಮಲಾರ್ಟಿಕ್ ಬಳಿ 1995-96ರಲ್ಲಿ ಗಣಿಕಸಕ್ಕೆ ಹೊದಿಸಿದ್ದು ಮೂರು ಪದರ: ಕೆಳಗೆ ಅರ್ಧ ಮೀಟರ್ ಮರಳು, ನಡುವೆ 0.8 ಮೀಟರ್ ನುಣ್ಣನೆಯ ಹುಡಿ, ಮೇಲೆ 0.3 ಮೀಟರ್ ಮರಳು ಜಲ್ಲಿ. ನುಣ್ಣನೆಯ ಹುಡಿ ಹಿಡಿದ ನೀರನ್ನು ಕೆಳಗಿನ ಉರುಟು ಮರಳು ಸೆಳೆದುಕೊಳ್ಳಲಾರದು. ನಡುಪದರ ಸದಾ ತೇವವಾಗಿರುತ್ತದೆ. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಆ ತೇವವೇ ಬಾಗಿಲಾಗುತ್ತದೆ. ಆ ನಡುಪದರವೂ ಆಮ್ಲ ಹುಟ್ಟಿಸದ ಇನ್ನೊಂದು ಗಣಿಕಸವೇ: ಮುಳ್ಳಿನಿಂದ ಮುಳ್ಳು ತೆಗೆದಂತೆ.

ಆದರೆ ಕೆನಡಾದ ಅಂಗಿ ನಮ್ಮ ಮೈಗೆ ಹಾಗೆಯೇ ಒಪ್ಪದು. ನಮ್ಮ ಬೇಸಗೆಯಲ್ಲಿ ಆ ತೇವ ಉಳಿಯುವುದು ಕಷ್ಟ. ಎರೆಮಣ್ಣು ನೀರನ್ನು ಹಿಡಿಯುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಇದನ್ನು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಣನಾಡುಗಳಲ್ಲಿ ದಪ್ಪ ಮಣ್ಣು ಹಾಸಿ ಹುಲ್ಲು ಬೆಳೆಸುತ್ತಾರೆ. ಮಣ್ಣು ಮಳೆಯನ್ನು ಕೂಡಿಡುತ್ತದೆ, ಹುಲ್ಲು ಅದನ್ನು ಆಕಾಶಕ್ಕೆ ಮರಳಿಸುತ್ತದೆ.

ವಿದ್ಯೆಯ ಕೊರತೆ ಇಲ್ಲಿಲ್ಲ. ಗಣಿ ಮುಚ್ಚುವ ಯೋಜನೆ ನಮ್ಮ ದೇಶದಲ್ಲಿ ಕಡ್ಡಾಯವಾದುದು 2003ರಲ್ಲಿ, ಕೋಲಾರದ ಗಣಿ ನಿಂತು ಎರಡು ವರ್ಷಗಳ ಮೇಲೆ. ಮೇಲ್ಮುದ್ದೆಗೆ ವರ್ಷವರ್ಷವೂ ಮಳೆಗೆ ಮುನ್ನ ಹೊಸ ಮಣ್ಣು ಬೀಳುತ್ತಿತ್ತು. ಅದರಡಿ ಮಲಗುವವನೇ ಅದನ್ನು ಹಾಕುತ್ತಿದ್ದ. ಗಣಿಯಲ್ಲಿ ಅಗೆದವರು ಒಬ್ಬರು, ದಿಬ್ಬದ ಬುಡದಲ್ಲಿ ಮಲಗುವವರು ಇನ್ನೊಬ್ಬರು. ಹೊದಿಕೆಯ ಖರ್ಚನ್ನು ಚಿನ್ನದ ಬೆಲೆಯಲ್ಲಿಯೇ ಮೊದಲು ಸೇರಿಸಿಡದಿದ್ದರೆ, ಆ ಸಾಲ ತೀರಿಸುವವರು ಚಿನ್ನವನ್ನು ಕಾಣದವರೇ.