ಮತ್ತೆ ಹೆಬ್ಬೆಟ್ಟು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



2001ರಲ್ಲಿ ನನ್ನನ್ನು ಎಂಟನೇ ತರಗತಿಗೆ ಸೇರಿಸಲು ಬಂದ ಅಪ್ಪ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಿದ್ದರು. "ಅಪ್ಪನಿಗೆ ಸಹಿ ಕಲಿಸೋ" ಅಂದರು ಕನ್ನಡ ಮೇಷ್ಟ್ರು. ಕಲಿಸಿದೆ. ಈಗ ರೇಷನ್ನಿಗೂ ಹಣ ತೆಗೆಯಲಿಕ್ಕೂ ಅಪ್ಪ ಮತ್ತೆ ಹೆಬ್ಬೆಟ್ಟಿಗೇ ಬಂದಿದ್ದಾರೆ. ಬಿ.ಇ. ಓದಿದ ನಾನೂ ದಿನಕ್ಕೆ ನೂರು ಸಲ ಫೋನಿಗೆ ಹೆಬ್ಬೆಟ್ಟು ಒತ್ತುತ್ತೇನೆ.

ಮೊಬೈಲ್ ಆ್ಯಪ್‌ಗಳಿಗೆ ಇಂಥ ಬೀಗ ಕೂರಿಸುವುದೇ ನನ್ನ ಕೆಲಸ. ಫೋನಿನ ಮೇಲೆ ಬೆರಳಿಟ್ಟರೆ ಅದರ ಗುರುತು ಹೊರಗೆಲ್ಲೂ ಹೋಗುವುದಿಲ್ಲ. ಫೋನಿನೊಳಗೇ ಬೇರೆಯಾದ ಒಂದು ಭದ್ರ ಜಾಗದಲ್ಲಿರುತ್ತದೆ. ಬ್ಯಾಂಕಿನ ಆ್ಯಪ್ ಕೂಡ ನಿಮ್ಮ ಬೆರಳನ್ನು ನೋಡುವುದಿಲ್ಲ. ಫೋನು "ಇವರೇ ಹೌದು" ಅಂದರೆ ಒಳಗೆ ಬಿಡುತ್ತದೆ, ಅಷ್ಟೇ. ಹಾಗಾಗಿ ಈ ಬೀಗಕ್ಕೆ ಹೆದರಬೇಡಿ. ಆದರೆ ಬೆರಳಿನ ಹಿಂದೆ ಪಿನ್ ಇದ್ದೇ ಇರುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಮೊದಲು ಅದನ್ನೇ ಕೇಳುತ್ತದೆ. ಅದನ್ನು 1234 ಅಂತ ಇಟ್ಟರೆ ಏನು ಬಂತು? ನಗುತ್ತಿರುವವರದ್ದು ಅದೇ ಇರಬೇಕು.

ಆಧಾರ್ ಬೆರಳಚ್ಚಿನ ಕಥೆ ಬೇರೆ. ಅದು ಯಂತ್ರದಿಂದ ಹೊರಟು ಆಧಾರ್ ಪ್ರಾಧಿಕಾರದ ದಾಖಲೆಯ ಜೊತೆ ತಾಳೆಯಾಗುತ್ತದೆ. ತಾಳೆಯಾದರೆ ಖಾತೆಯಿಂದ ಹಣ ಬರುತ್ತದೆ. ಪಿನ್ ಬೇಡ, ಓಟಿಪಿ ಬೇಡ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಹೇಗೆ ಬದಲಾಯಿಸುವುದು? ನೋಂದಣಿ ಪತ್ರಗಳ ಮೇಲಿದ್ದ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಹಣ ತೆಗೆದ ಪ್ರಕರಣ ನಮ್ಮ ರಾಜ್ಯದಲ್ಲೇ 2023ರಲ್ಲಿ ಬೆಳಕಿಗೆ ಬಂತು.

ನಮ್ಮ ಮನೆಯಲ್ಲಾದ ಮೋಸಕ್ಕೆ ಅಷ್ಟು ವಿದ್ಯೆಯೂ ಬೇಕಾಗಲಿಲ್ಲ. ಅಪ್ಪ ಗಾರೆ ಕೆಲಸದವರು. ಸಿಮೆಂಟಿನಲ್ಲಿ ಬೆರಳ ಗೆರೆ ಸವೆದುಹೋಗಿವೆ. ಯಂತ್ರ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಎರಡು ವರ್ಷದ ಹಿಂದೆ, ಹಣ ತೆಗೆದುಕೊಡುವವನೊಬ್ಬ "ಬರಲಿಲ್ಲ ಯಜಮಾನ್ರೇ, ಇನ್ನೊಂದ್ಸಲ ಒತ್ತಿ" ಅಂದ. ಅಪ್ಪನಿಗೆ ಈ ಮಾತು ಹೊಸದಲ್ಲ, ಒತ್ತಿದರು. ಕೈಗೆ ಬಂದದ್ದು ಎರಡು ಸಾವಿರ, ಖಾತೆಯಿಂದ ಹೋದದ್ದು ನಾಲ್ಕು ಸಾವಿರ. ಮೆಸೇಜು ಬಂದಿತ್ತು, ಇಂಗ್ಲಿಷಿನಲ್ಲಿ. ಯುಗಾದಿಗೆ ಬಂದು ಪಾಸ್‌ಬುಕ್ ನೋಡಿದಾಗಲೇ ನನಗೆ ಗೊತ್ತಾದದ್ದು. ಹಣ ವಾಪಸ್ ಬರಲಿಲ್ಲ. "ನನ್ನ ಬೆರಳೇ ಸರಿಯಿಲ್ಲ ಬಿಡಪ್ಪ" ಅಂದರು. ಒತ್ತಿದ ಪ್ರತಿ ಸಲವೂ ಚೀಟಿ ಕೇಳು, ಆಗಲಿಲ್ಲ ಅಂದರೂ ಕೇಳು ಅಂತ ಒಂದು ಮಾತು ನಾನು ಮೊದಲೇ ಹೇಳಬಹುದಿತ್ತು. ಹೇಳಿರಲಿಲ್ಲ.

ನಕಲಿ ಬೆರಳಿಗೆ ಮದ್ದು ಆಧಾರ್ ಆ್ಯಪ್‌ನಲ್ಲಿದೆ: ಬಯೋಮೆಟ್ರಿಕ್ ಲಾಕ್. ಹಾಕಿಟ್ಟರೆ ನಿಮ್ಮ ಬೆರಳಚ್ಚು ಯಾರ ಯಂತ್ರದಲ್ಲೂ ನಡೆಯುವುದಿಲ್ಲ. ರೇಷನ್ ತರುವ ದಿನ ಸ್ವಲ್ಪ ಹೊತ್ತು ತೆಗೆದುಕೊಂಡರಾಯಿತು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ. ನಮ್ಮ ಹಾಗೆ ಯುಗಾದಿಯವರೆಗೆ ಕಾಯಬೇಡಿ.

ಊಟವಾದ ಮೇಲೆ ನಾನು ಎಂಟನೇ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ಆಧಾರ್‌ಗೆ ಜೋಡಿಸಿದ ನಂಬರಿನ ಫೋನ್ ತನ್ನಿ, ಲಾಕ್ ಮಾಡುವುದನ್ನು ತೋರಿಸಿಕೊಡುತ್ತೇನೆ. ಓಟಿಪಿ ಮಾತ್ರ ನನಗೂ ಹೇಳಬೇಡಿ, ನೀವೇ ಒತ್ತಿ.