ಹಾಲು ಕುಡಿಯುವಾಗ ಬೆವರುವ ಕೂಸು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆದ ಎಳೆ ಮಕ್ಕಳನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ನರ್ಸ್. ಮೈಕ್ ಹಿಡಿದು ಅಭ್ಯಾಸವಿಲ್ಲ. ತಪ್ಪಾದರೆ ಕನ್ನಡ ಮೇಷ್ಟ್ರು ಎದುರಿಗೇ ಕೂತಿದ್ದಾರೆ, ತಿದ್ದುತ್ತಾರೆ.

ನಾನು ಇಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ನನಗೊಬ್ಬ ತಮ್ಮ ಹುಟ್ಟಿದ. ಕಡ್ಲೆಕಾಯಿ ಕೀಳುವ ಕಾಲ. ಸಂಜೆ ಅಮ್ಮ ಹೊಲದಿಂದ ಬಂದು ಹಾಲು ಕುಡಿಸಲು ಕೂತರೆ ನಾನು ಪಕ್ಕದಲ್ಲಿ. ಎರಡು ಗುಟುಕು ಕುಡಿದು ಬಿಡುತ್ತಿದ್ದ, ಏದುಸಿರು ಬಿಡುತ್ತಿದ್ದ, ಮತ್ತೆ ಬಾಯಿ ಹಾಕುತ್ತಿದ್ದ. ಆ ಚಳಿಯಲ್ಲೂ ಹಣೆ ತುಂಬ ಬೆವರು. ಯೂನಿಫಾರ್ಮಿನ ಲಂಗದಿಂದ ನಾನೇ ಒರೆಸುತ್ತಿದ್ದೆ. ದೃಷ್ಟಿ ಎಂದರು, ಬಾಲಗ್ರಹ ಎಂದರು, ತಾಯತ ಕಟ್ಟಿಸಿದರು. ನಾಲ್ಕು ತಿಂಗಳಿಗೆ ಹೋಗಿಬಿಟ್ಟ. ಯಾರನ್ನೂ ದೂರುವುದಿಲ್ಲ. ತಮಗೆ ಗೊತ್ತಿದ್ದನ್ನು ಅವರು ಮಾಡಿದರು.

ನರ್ಸಿಂಗ್ ಓದುವಾಗ ಒಂದು ದಿನ ಪಾಠದಲ್ಲಿ ಬಂತು: ಹಾಲು ಕುಡಿಯುವಾಗ ದಣಿಯುವುದು, ಹಣೆ ಬೆವರುವುದು, ತೂಕ ಏರದಿರುವುದು. ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ.

ನಮಗೆ ನಮ್ಮ ಮಿಡಿಗೇಶಿ ಬೆಟ್ಟ ಹತ್ತುವುದು ಹೇಗೋ, ಕೂಸಿಗೆ ಹಾಲು ಕುಡಿಯುವುದು ಹಾಗೆ. ಹೃದಯದ ನಡುಗೋಡೆಯಲ್ಲಿ ದೊಡ್ಡ ತೂತಿದ್ದರೆ, ಮೈಗೆಲ್ಲ ಹೋಗಬೇಕಾದ ರಕ್ತ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ. ಪೈಪು ಒಡೆದಾಗ ಅದೇ ನೀರನ್ನು ಎರಡು ಸಲ ಎತ್ತುವ ಪಂಪ್‌ಸೆಟ್ಟಿನ ಪಾಡು. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಹೆದರಬೇಡಿ, ಸಣ್ಣ ತೂತು ಎಷ್ಟೋ ಸಲ ತಾನಾಗಿ ಮುಚ್ಚುತ್ತದೆ. ಆದರೆ ಕೆಲವು ಕಾಯುವುದಿಲ್ಲ. ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಅವನ್ನು ಬಿಡಿಸಿ ಸರಿಯಾದ ಜಾಗಕ್ಕೆ ಹೊಲಿಯಬೇಕು. ಆ ಹೃದಯ ಆ ಮಗುವಿನ ಮುಷ್ಟಿಯಷ್ಟು. ದಾರವೋ ಕೂದಲೆಳೆಯಂಥದ್ದು.

ಹೈಸ್ಕೂಲಿನ ಮಕ್ಕಳಿಗೆ ಒಬ್ಬರ ವಿಷಯ ಹೇಳಲೇಬೇಕು. 1944ರ ನವೆಂಬರ್ 29ರಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೈ ನೀಲಿಗಟ್ಟಿದ್ದ ಹದಿನೈದು ತಿಂಗಳ ಮಗುವಿಗೆ ಆಪರೇಷನ್ ಆಯಿತು. ಯೋಚನೆ ಡಾ. ಹೆಲೆನ್ ಟೌಸಿಗ್ ಅವರದು, ಚಾಕು ಹಿಡಿದವರು ಡಾ. ಆಲ್ಫ್ರೆಡ್ ಬ್ಲಾಲಾಕ್. ಬ್ಲಾಲಾಕರ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆ ಹೀಗೆ ಹಾಕಿ ಎಂದು ಹೇಳಿಕೊಟ್ಟವರು ವಿವಿಯನ್ ಥಾಮಸ್. ಕಪ್ಪು ಜನಾಂಗದವರು, ಬಡಗಿ ಕೆಲಸ ಬಲ್ಲವರು. ಡಾಕ್ಟರ್ ಓದಲು ಕೂಡಿಟ್ಟ ಹಣ ಬ್ಯಾಂಕ್ ಮುಳುಗಿ ಹೋಯಿತು. ಓದಿದ್ದು ಹೈಸ್ಕೂಲು ಮಾತ್ರ! ನಾಯಿಗಳ ಮೇಲೆ ಆ ಆಪರೇಷನ್ ಮಾಡಿ ಮಾಡಿ ಅದರ ಕ್ರಮ ಕಂಡುಕೊಂಡವರು ಅವರೇ. ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ.

ನಮ್ಮ ದೇಶದಲ್ಲಿ 1992ರಲ್ಲಿ ದಕ್ಷಿಣ ಕನ್ನಡದ ಡಾ. ದೇವಿ ಶೆಟ್ಟಿಯವರು ಕೋಲ್ಕತ್ತಾದಲ್ಲಿ ಒಂಬತ್ತು ದಿನದ ಕೂಸಿಗೆ ಹೃದಯದ ಆಪರೇಷನ್ ಮಾಡಿದರು. 2003ರಲ್ಲಿ ಪಾಕಿಸ್ತಾನದಿಂದ ನೂರ್ ಫಾತಿಮಾ ಎಂಬ ಪುಟ್ಟ ಮಗು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದು ಗುಣವಾಗಿ ಹೋಯಿತು. ಗಡಿ ದಾಟಿ ಅಲ್ಲಿಂದ ಮಗು ಬಂತು. ನಮ್ಮ ಮಧುಗಿರಿ, ಪಾವಗಡದ ಕೂಸುಗಳು ಇನ್ನೂ ತಡವಾಗಿ ಬರುತ್ತವೆ ಎಂಬುದೇ ನನ್ನ ಸಂಕಟ.

ತಾಯಂದಿರೇ, ತಾಯತ ಬೇಕಾದರೆ ಕಟ್ಟಿ, ನಾನು ಬೇಡ ಅನ್ನುವುದಿಲ್ಲ. ಆದರೆ ಕೂಸು ಕುಡಿಯುವಾಗ ಬೆವರಿದರೆ, ತುಟಿ ನಾಲಿಗೆ ನೀಲಿಯಾದರೆ, ಪಕ್ಕೆ ಒಳಗೆ ಸೆಳೆದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳಿಗೋ ಪಾದಕ್ಕೋ ಕ್ಲಿಪ್ ಹಾಕಿ ಆಕ್ಸಿಜನ್ ನೋಡಲು ಕೆಲವು ನಿಮಿಷ ಸಾಕು. ದುಡ್ಡಿನ ಚಿಂತೆಗೆ ಕೂರಬೇಡಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ತಂಡದ ಡಾಕ್ಟರನ್ನು ಕೇಳಿ, ಬಿಪಿಎಲ್ ಕಾರ್ಡು ಜೊತೆಗಿಟ್ಟುಕೊಳ್ಳಿ.

ಹೋದ ವರ್ಷ ಪಾವಗಡದ ಕಡೆಯ ಒಂದು ಹೆಣ್ಣುಕೂಸು ನಮ್ಮ ವಾರ್ಡಿಗೆ ಬಂತು. ಮನೆಗೆ ಬಂದ ಆಶಾ ಕಾರ್ಯಕರ್ತೆ ಅದು ಹಾಲು ಕುಡಿಯುವ ರೀತಿ ನೋಡಿ, ಹಟ ಮಾಡಿ ಕಳಿಸಿದ್ದಂತೆ. ಆಪರೇಷನ್ ಆಗಿ ಕೆಲವು ದಿನಕ್ಕೆ ತಾಯಿ ಎದೆಗೆ ಹಾಕಿಕೊಂಡರು. ಕೂಸು ಬಿಡದೆ ಕುಡಿಯಿತು. ನಾನು ಹಣೆ ಮುಟ್ಟಿ ನೋಡಿದೆ. ಒಣಗಿತ್ತು.